ಬ್ರೇಕ್ ಸರಿಯಾಗಿದೆ

೧೬ ಜನವರಿ ೨೦೦೧, ಮಂಗಳವಾರ

ಕೈಯನ್ನು ಮೂರು ಸಲ ತೊಳೆದೆ. ವಾಸನೆ ಹೋಗುತ್ತಿಲ್ಲ. ಡೀಸೆಲ್, ಗ್ರೀಸು ಹದಿನಾಲ್ಕು ವರ್ಷದಿಂದ ನನ್ನ ಚರ್ಮದ ಭಾಗವೇ ಆಗಿಬಿಟ್ಟಿವೆ, ಅವು ಗೊತ್ತೇ ಆಗುವುದಿಲ್ಲ. ಇದು ಬೇರೆ. ಜಜ್ಜಿದ ಕಾಫಿ ಹಣ್ಣು, ಸುಟ್ಟ ರಬ್ಬರು, ರಕ್ತ, ಎಲ್ಲ ಕಲಸಿದ ಸಿಹಿ ಸಿಹಿ ನಾತ.

ಹೆಗ್ಗದ್ದೆ ಕಡೆಯ ಎಸ್ಟೇಟಿನ ಜೀಪು ಸಾಯಂಕಾಲ ನಾಲ್ಕೂವರೆಗೆ ಮೇಲಿನ ತೋಟದಿಂದ ಕೂಲಿಯವರ ಮನೆಗಳಿರುವ ಲೈನಿಗೆ ಇಳಿಯುವಾಗ ಮಗುಚಿದೆ. ಹಣ್ಣು ಕೊಯ್ಯುವವರು ಹದಿನಾಲ್ಕು ಜನ, ಹಣ್ಣಿನ ಚೀಲ ಎಂಟು. ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದ ಮುನಿಯಮ್ಮ ಜೀಪಿನ ಅಡಿಗೆ ಸಿಕ್ಕಿ ಅಲ್ಲೇ ತೀರಿಕೊಂಡಳು. ಡ್ರೈವರ್ ಲಕ್ಕಯ್ಯನ ಬಲಗಾಲು ನುಜ್ಜಾಗಿದೆ, ಹಾಸನಕ್ಕೆ ಒಯ್ದರು. ಆ ಎಸ್ಟೇಟಿನ ಗಾಡಿಗಳೆಲ್ಲ ಸಕಲೇಶಪುರದ ನಮ್ಮ ಗ್ಯಾರೇಜಿಗೇ ಬರುವುದರಿಂದ ಜೀಪನ್ನು ಎತ್ತಿ ತರಲು ಮಾಲೀಕರು ಶಾಂತಮಲ್ಲಪ್ಪನವರು ನನ್ನನ್ನು ಕ್ರೇನಿನ ಜೊತೆ ಕಳಿಸಿದರು.

ರಸ್ತೆ ತುಂಬ ಕೆಂಪು ಹಣ್ಣು ಚೆಲ್ಲಿತ್ತು. ನೋಡಲು ಬಂದವರು ಅದನ್ನೇ ತುಳಿದುಕೊಂಡು ಬೀಡಿ ಸೇದುತ್ತಾ ನಿಂತಿದ್ದರು, ದನದ ಜಾತ್ರೆಯಲ್ಲಿ ನಿಂತ ಹಾಗೆ. ಅಸಹ್ಯವಾಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು, ಲಕ್ಕಯ್ಯ ಕುಡಿದಿದ್ದ. ಇರಬಹುದು. ಅವನು ಕುಡಿಯುವುದು ಇಡೀ ಹೋಬಳಿಗೆ ಗೊತ್ತು. ಕುಡುಕರನ್ನು ಕಂಡರೆ ನನಗೆ ಮೊದಲಿಂದಲೂ ಹೇಸಿಗೆ. ಅಪ್ಪನನ್ನು ಎಷ್ಟು ಸಲ ಚರಂಡಿಯಿಂದ ಎತ್ತಿ ತಂದಿದ್ದೇನೆ.

ಈ ಜೀಪನ್ನು ಜನವರಿ ಐದಕ್ಕೆ ನಾನೇ ಸರ್ವೀಸ್ ಮಾಡಿದ್ದು. ಎಲ್ಲ ಸರಿಯಾಗಿತ್ತು.

೧೭ ಜನವರಿ, ಬುಧವಾರ

ಆರ್‌ಟಿಒ ಆಫೀಸಿನ ಬ್ರೇಕ್ ಇನ್ಸ್‌ಪೆಕ್ಟರು ಹನ್ನೊಂದು ಗಂಟೆಗೆ ಬಂದರು, ಎಸ್ಟೇಟಿನ ಮ್ಯಾನೇಜರ್ ಕಾರಿನಲ್ಲೇ. ಬಾಯಿ ತುಂಬ ಎಲೆ ಅಡಿಕೆ. ನನ್ನ ಸ್ಪ್ಯಾನರ್ ಟ್ರೇ ಪಕ್ಕಕ್ಕೇ ಉಗಿದರು, ಅದು ಸಿಡಿದು ಹನ್ನೆರಡನೇ ನಂಬರಿನ ಸ್ಪ್ಯಾನರಿನ ಮೇಲೆ ಬಿತ್ತು. ಅದನ್ನು ಮತ್ತೆ ಮುಟ್ಟಲಾಗಲಿಲ್ಲ.

ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. ಗಟ್ಟಿ. ನಾನು ಜ್ಯಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ತಿರುಗಿಸಿದೆ, ಅವರು ಒತ್ತಿದರು, ನಾಲ್ಕೂ ಚಕ್ರ ಗಕ್ಕನೆ ನಿಂತವು. ಬ್ರೇಕ್ ಆಯಿಲ್ ಗೆರೆಯವರೆಗೆ ತುಂಬಿತ್ತು, ಎಲ್ಲೂ ಸೋರಿಕೆಯಿಲ್ಲ. ಇನ್ನೇನು ಬೇಕು ಅಂದರು ಮ್ಯಾನೇಜರ್. ಇನ್ಸ್‌ಪೆಕ್ಟರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು: ಬ್ರೇಕ್ ಸರಿಯಾಗಿದೆ, ಚಾಲಕನ ಕುಡಿತದಿಂದ ಅಪಘಾತ. ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಅಂತ ಕೆಳಗೆ ನನ್ನ ಸಹಿ.

ಲಕ್ಕಯ್ಯನ ಹೆಂಡತಿ ಭದ್ರಮ್ಮ ಬೆಳಗ್ಗಿನಿಂದ ಗೇಟಿನ ಹೊರಗೆ ನಿಂತಿದ್ದಳು. ಅವರೆಲ್ಲ ಹೋದ ಮೇಲೆ ಒಳಗೆ ಬಂದು, "ಪೆಡಲ್ ತಳಕ್ಕೆ ಹೋಗ್ಬುಡ್ತು ಅಂತಾವ್ರೆ ಕಣಣ್ಣ. ಇನ್ನೊಂದ್ಸಲ ನೋಡು," ಅಂದಳು. ಪೆಡಲ್ ಗಟ್ಟಿಯಾಗಿದೆ ಅಂದೆ.

ಗಟ್ಟಿಯಾಗೇ ಇತ್ತು. ಸುಳ್ಳಲ್ಲ.

೧೮ ಜನವರಿ

ಅವರೆಕಾಳಿನ ಸಾರು ಬಾಯಿಗಿಡಲಾಗಲಿಲ್ಲ. ಅವ್ವ ಕಣ್ಣಿನ ರೆಪ್ಪೆ ಎಳೆದು ನೋಡಿ ಕಾಮಾಲೆ ಇರಬೇಕು ಅಂದಳು.

೨೦ ಜನವರಿ, ಶನಿವಾರ

ಗ್ಯಾರೇಜಿನ ಹಿಂದಿನ ಮೂಲೆ ಗುಡಿಸಿದೆ. ಎಂಥ ಹೊಲಸು. ಇಲಿ ಹಿಕ್ಕೆ, ಗ್ರೀಸು ಅಂಟಿದ ಬಟ್ಟೆ, ಜೇಡರ ಬಲೆ. ಬ್ರೇಕ್ ಆಯಿಲ್ಲಿನ ಐದು ಲೀಟರ್ ಡಬ್ಬವೊಂದು ಮಳೆಗಾಲದಿಂದಲೂ ಅಲ್ಲೇ ಇತ್ತು, ಮುಚ್ಚಳ ಕಳೆದು ಬಾಯಿಗೆ ಚಿಂದಿ ತುರುಕಿದ್ದದ್ದು. ತಳದಲ್ಲಿ ಉಳಿದದ್ದನ್ನು ಚರಂಡಿಗೆ ಸುರಿದು ಡಬ್ಬವನ್ನು ಗುಜರಿಯವನ ಗಾಡಿಗೆ ಹಾಕಿದೆ. ಯಾರೂ ಹೇಳಿರಲಿಲ್ಲ. ಎಷ್ಟೋ ದಿನದಿಂದ ಮಾಡಬೇಕು ಅಂದುಕೊಂಡಿದ್ದ ಕೆಲಸ.

ಶಾಂತಮಲ್ಲಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. ಮಧ್ಯಾಹ್ನ ನನಗೂ ಒಂದು ಮಸಾಲೆ ದೋಸೆ ತರಿಸಿದರು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ಅವರು ತಿನ್ನುವಾಗ ಎಣ್ಣೆ ಬೆರಳಿನಿಂದ ಮೊಣಕೈಗೆ ಇಳಿಯುತ್ತಿತ್ತು, ನೆಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ದೋಸೆಯನ್ನು ಪೇಪರಿನಲ್ಲಿ ಸುತ್ತಿ ನಾಯಿಗೆ ಹಾಕಿದೆ.

೨೨ ಜನವರಿ, ಸೋಮವಾರ

ಹಾಸನದ ಆಸ್ಪತ್ರೆಗೆ ಹೋಗಿ ಬಂದೆ, ಸ್ವಂತ ಇಷ್ಟದಿಂದಲ್ಲ. ಮ್ಯಾನೇಜರ್ ಒಂದು ಕಾಗದ ಟೈಪು ಮಾಡಿಸಿ ಕಳಿಸಿದ್ದರು. ಬ್ರೇಕಿನಲ್ಲಿ ದೋಷವಿರಲಿಲ್ಲ, ಕುಡಿದು ಓಡಿಸಿದ್ದು ನನ್ನ ತಪ್ಪು ಅಂತ. ಲಕ್ಕಯ್ಯನ ಸಹಿ ತರಬೇಕಿತ್ತು.

ಬಸ್ಸಿನಲ್ಲಿ ಪಕ್ಕದವನು ವಾಂತಿ ಮಾಡಿದ. ವಾರ್ಡಿನಲ್ಲಿ ಫಿನಾಯಿಲ್ಲು, ಕೀವು, ಯಾರದೋ ಮನೆಯಿಂದ ಬಂದ ಮುದ್ದೆ ಸಾರು. ಲಕ್ಕಯ್ಯನ ಕಾಲು ಮಂಡಿಯ ಮೇಲಿನಿಂದ ಇಲ್ಲ. ಬ್ಯಾಂಡೇಜಿನ ಮೊಂಡು ತುದಿಯ ಮೇಲೆ ನೊಣ ಕೂರುತ್ತಿತ್ತು, ಭದ್ರಮ್ಮ ಸೆರಗಿನಿಂದ ಓಡಿಸುತ್ತಿದ್ದಳು. ನೋಡಲಾಗದೆ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅವನು ತಾನಾಗೇ ಶುರುಮಾಡಿದ. "ಸುಳ್ಳು ಹೇಳಲ್ಲ ಕಣೋ ನಂಜುಂಡ. ಮಧ್ಯಾಹ್ನ ಊಟದ ಹೊತ್ಗೆ ಒಂದು ಪ್ಯಾಕೆಟ್ ಸಾರಾಯಿ ಹಾಕಿದ್ದೆ. ಅದುಕ್ಕೆ ಏನ್ ಶಿಕ್ಷೆ ಕೊಟ್ರೂ ಸೈ. ಆದ್ರೆ ಪೆಡಲ್ ತಳಕ್ಕೆ ಹೋಯ್ತು. ಮೂರ್ ಸಲ ಒತ್ತಿದೆ. ಹತ್ತಿ ಮೂಟೆ ತುಳಿದಂಗಾಯ್ತು."

ಹಳ್ಳದ ಕಡೆ ಬಿಟ್ಟರೆ ಹದಿನಾಲ್ಕೂ ಜನ ಹೋಗುತ್ತಾರೆಂದು ದಿಣ್ಣೆಯ ಕಡೆಗೆ ತಿರುಗಿಸಿದನಂತೆ. ಇಳಿಜಾರಿನ ಉದ್ದಕ್ಕೂ ಬ್ರೇಕಿನ ಮೇಲೇ ಕಾಲಿಟ್ಟಿದ್ದನಂತೆ, ಅಷ್ಟು ಭಾರ ಇತ್ತಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹಿಂಗೆ ಆಗಾಕೆ ಸಾಧ್ಯ ಐತಾ? ನೀನು ಮೆಕ್ಯಾನಿಕ್ಕು. ಎಲ್ರೂ ಬ್ರೇಕ್ ಗಟ್ಟಿ ಐತೆ ಅಂತಾವ್ರೆ. ನಂಗೇ ಈಗ ಡೌಟು, ಅಮಲಲ್ಲಿ ಕಂಡಿದ್ದಾ ಅಂತ," ಅಂದ.

ಅವನ ಕೈ ಬೆವೆತಿತ್ತು. ನೋಡಬೇಕು ಅಂತ ಏನೋ ತೊದಲಿ ಎದ್ದು ಬಂದೆ. ಕಾಗದ ಜೇಬಿನಲ್ಲೇ ಉಳಿಯಿತು. ಮಾಲೀಕರಿಗೆ, ಅವನಿಗೆ ಪ್ರಜ್ಞೆ ಇರಲಿಲ್ಲ ಅಂತ ಹೇಳಿದೆ.

೨೩ ಜನವರಿ, ಮಂಗಳವಾರ

ಸಾಧ್ಯ ಇದೆ. ಇಲ್ಲಿ ಬರೆದರೆ ಯಾರು ಓದುತ್ತಾರೆ, ಬರೆಯುತ್ತೇನೆ.

ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು, ದ್ರವ ಅಂದರೆ ಸಂತೆ ದಿನದ ಬಸ್ಸು. ಕಣಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ನಡುವೆ ಜಾಗವೇ ಇಲ್ಲ. ಹಿಂದಿನ ಬಾಗಿಲಲ್ಲಿ ಒಬ್ಬನನ್ನು ನೂಕಿದರೆ ಆ ನೂಕು ಡ್ರೈವರಿನ ಬೆನ್ನಿಗೆ ತಾಗುತ್ತದೆ. ಬ್ರೇಕ್ ಕೆಲಸ ಮಾಡುವುದೇ ಹಾಗೆ. ಪೆಡಲಿನ ಹತ್ತಿರ ಆಯಿಲ್ಲನ್ನು ಒತ್ತಿದರೆ, ಅದು ಕುಗ್ಗಲು ಜಾಗವಿಲ್ಲದ್ದರಿಂದ ಒತ್ತಡ ನೇರ ಚಕ್ರಕ್ಕೆ ಹೋಗುತ್ತದೆ. ಅನಿಲ ಹಾಗಲ್ಲ. ಅಷ್ಟೇ ಜನರನ್ನು ಬಸ್ಸಿನಿಂದ ಇಳಿಸಿ ದೊಡ್ಡ ಮೈದಾನದಲ್ಲಿ ಬಿಟ್ಟ ಹಾಗೆ. ಒಬ್ಬನಿಂದ ಒಬ್ಬನಿಗೆ ಕೂಗಳತೆ ದೂರ. ಒಬ್ಬನನ್ನು ನೂಕಿದರೆ ಅವನು ನಾಲ್ಕು ಹೆಜ್ಜೆ ಹೋಗುತ್ತಾನೆ ಅಷ್ಟೆ, ಇನ್ನೊಬ್ಬನಿಗೆ ಗೊತ್ತೇ ಆಗುವುದಿಲ್ಲ. ಒತ್ತಿದ್ದೆಲ್ಲ ನಡುವಿನ ಖಾಲಿ ಜಾಗ ತುಂಬುವುದಕ್ಕೇ ಮುಗಿಯುತ್ತದೆ.

ಬ್ರೇಕ್ ಆಯಿಲ್ಲು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಅದಕ್ಕೇ ಡಬ್ಬ ತೆರೆದಿಡಬಾರದು. ನೀರು ಸೇರಿದ ಆಯಿಲ್ಲು ತಂಪಾಗಿರುವಾಗ ಏನೂ ಮಾಡುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕು ಹಿಡಿದೇ ಬಂದರೆ ಚಕ್ರದ ಡ್ರಮ್ಮು ಕೆಂಡವಾಗುತ್ತದೆ, ಒಳಗಿನ ನೀರು ಕುದಿಯುತ್ತದೆ. ಒಂದು ಚಮಚ ನೀರು ಆವಿಯಾದರೆ ಹತ್ತಿರ ಹತ್ತಿರ ಒಂದು ಕೊಡ. ಪೈಪಿನೊಳಗೆ ಹನಿಯಷ್ಟು ಆವಿಯಾದರೂ ಸಾಕು, ಪೆಡಲ್ ತಳಕ್ಕೆ. ಮೂರು ಸಲ ಒತ್ತಿದರೂ ಹತ್ತಿ ಮೂಟೆ.

ಡ್ರಮ್ಮು ಆರಿದ ಮೇಲೆ ಆವಿ ಮತ್ತೆ ದ್ರವ. ಕಣಗಳು ಮತ್ತೆ ಅಂಟಿಕೊಳ್ಳುತ್ತವೆ. ಮಾರನೇ ಬೆಳಗ್ಗೆ ಹನ್ನೊಂದು ಗಂಟೆಗೆ ಯಾರು ಬಂದು ಒತ್ತಿದರೂ ಗಟ್ಟಿ.

ಹದಿನೇಳನೇ ತಾರೀಕು ಮೊದಲ ಚಕ್ರ ನಿಂತ ಗಳಿಗೆಯಲ್ಲೇ ಇದು ನನಗೆ ಹೊಳೆದಿತ್ತು. ಜನವರಿ ಐದಕ್ಕೆ ಹೊಸ ಡಬ್ಬ ಇರಲಿಲ್ಲ. ಹಳೆಯ ಆಯಿಲ್ಲು ಬದಲಿಸುವಾಗ ಮೂಲೆಯ ಆ ಮುಚ್ಚಳವಿಲ್ಲದ ಡಬ್ಬದಿಂದಲೇ ಸುರಿದೆ. ಮಾಲೀಕರು ಅದನ್ನೇ ಖರ್ಚು ಮಾಡು ಅಂದಿದ್ದರು ನಿಜ. ಸುರಿದ ಕೈ ನನ್ನದು.

೨೬ ಜನವರಿ, ಶುಕ್ರವಾರ

ಗ್ಯಾರೇಜಿಗೆ ರಜ. ಬೆಳಗ್ಗೆ ಗುಜರಾತಿನಲ್ಲಿ ಭೂಕಂಪವಾಗಿ ಊರೆಲ್ಲ ಟಿವಿ ಮುಂದೆ ಕೂತಿತ್ತು. ಕಾಂಪೌಂಡಿನಲ್ಲಿ ನಾನು ಮತ್ತು ಆ ಜೀಪು.

ಹಿಂದಿನ ಚಕ್ರದಲ್ಲಿ ಆಯಿಲ್ಲು ಹೊರಬಿಡುವ ನಿಪ್ಪಲ್ ಸಡಿಲಿಸಿ ಒಂದು ಬಾಟಲಿಗೆ ಆಯಿಲ್ಲು ಇಳಿಸಿದೆ. ಬಣ್ಣವೇ ಕೆಟ್ಟಿತ್ತು, ಕಾಫಿ ಕಷಾಯದ ಹಾಗೆ. ಪೇಟೆಯಿಂದ ಸೀಲು ಒಡೆಯದ ಹೊಸ ಡಬ್ಬ ತಂದಿದ್ದೆ. ಬಾಣಲೆಯಲ್ಲಿ ಮರಳು ಹಾಕಿ ಸ್ಟೌವಿನ ಮೇಲಿಟ್ಟು, ಎರಡು ತಗಡಿನ ಬಟ್ಟಲಲ್ಲಿ ಎರಡನ್ನೂ ಸಮ ಸಮ ಸುರಿದು ಮರಳಿನಲ್ಲಿ ಹೂತೆ. ಸ್ವಲ್ಪ ಹೊತ್ತಿಗೆ ಜೀಪಿನದು ಗುಳ್ಳೆ ಏಳತೊಡಗಿತು. ಮೊದಲು ತಳದಲ್ಲಿ ಸಣ್ಣ ಮುತ್ತು, ಆಮೇಲೆ ಇಡೀ ಬಟ್ಟಲು ನೊರೆ ಕಾರಿತು. ಹೊಸದು ಅಲ್ಲಾಡದೆ ಕೂತಿತ್ತು. ಅದೇ ಮರಳು, ಅದೇ ಉರಿ.

ಹೊಗೆಯ ಘಾಟು ಗಂಟಲಿಗಿಳಿದು ಗೋಡೆ ಹಿಡಿದು ವಾಂತಿ ಮಾಡಿದೆ. ಬರೀ ಹಳದಿ ನೀರು. ನನ್ನ ಮೈಯಿಂದ ಬಂದದ್ದು ಅನ್ನುವುದಕ್ಕೇ ನಾಚಿಕೆಯಾಗುವಂಥದ್ದು. ಉಳಿದ ಅರ್ಧ ಬಾಟಲಿಗೆ ಬಿರಡೆ ಹಾಕಿ ಮೇಣ ಸುರಿದು ಅವ್ವನ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ.

೨೭ ಜನವರಿ, ಶನಿವಾರ

ಮಾಲೀಕರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕೇಸು ಬೇಗ ಮುಗಿಸಿ ಬುಧವಾರ ಜೀಪನ್ನು ಗುಜರಿಗೆ ಹಾಕಲು ಮ್ಯಾನೇಜರು ಒಪ್ಪಿಗೆ ತಂದಿದ್ದಾರಂತೆ. ಲಕ್ಕಯ್ಯನ ಮನೆಯವರು ಈ ತಿಂಗಳೊಳಗೆ ಲೈನಿನ ಮನೆ ಖಾಲಿ ಮಾಡಬೇಕಂತೆ. ಎಸ್ಟೇಟಿನ ಕೆಲಸ ಕೈಬಿಟ್ಟರೆ ಗ್ಯಾರೇಜಿನಲ್ಲಿ ಆರು ಜನರ ಹೊಟ್ಟೆಪಾಡು ಹೋಗುತ್ತದೆ ಅಂದರು. ಕೊನೆಗೆ ಭುಜದ ಮೇಲೆ ಕೈಯಿಟ್ಟು, "ಕಾಲು ಹೋದೋನ್ಗೆ ಹೋಯ್ತು, ಜೀವ ಹೋದೋಳ್ಗೆ ಹೋಯ್ತು. ಮೂರ್ನೇಯೋನು ನೀನ್ಯಾಕೆ ಆಗ್ತೀಯ ಮಾರಾಯ," ಅಂದರು.

ಆ ಮಾತು ಕೇಳಿ ನನಗೆ ಒಂದು ಗಳಿಗೆ ಸಮಾಧಾನವಾಯಿತು. ಅದನ್ನೂ ಬರೆದಿಡಬೇಕು. ನಿಜವಾಗಿ ಸಮಾಧಾನವಾಯಿತು.

೨೯ ಜನವರಿ, ಸೋಮವಾರ

ಮತ್ತೆ ಹಾಸನ. ಈ ಸಲ ಯಾರೂ ಕಳಿಸಿರಲಿಲ್ಲ.

ಲಕ್ಕಯ್ಯ ನಿದ್ದೆಯಲ್ಲಿದ್ದ. ಮೆಡಿಕಲ್ ಸ್ಟೋರಿನಿಂದ ಎರಡು ಸಿರಿಂಜು ತೆಗೆದುಕೊಂಡು ಹೋಗಿದ್ದೆ, ಸೂಜಿ ಇಲ್ಲದವು. ಭದ್ರಮ್ಮನನ್ನು ವರಾಂಡಕ್ಕೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಒಂದಕ್ಕೆ ನಲ್ಲಿಯ ನೀರು ಎಳೆದು, ಗಾಳಿ ಎಲ್ಲ ಹೊರಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚಿ ಅವಳ ಕೈಗೆ ಕೊಟ್ಟೆ, ಒತ್ತು ಅಂದೆ. ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದಳು. ಕೂದಲೆಳೆಯಷ್ಟೂ ಹೋಗಲಿಲ್ಲ. ಇನ್ನೊಂದರಲ್ಲಿ ಬರೀ ಗಾಳಿ. ಅದನ್ನು ಒತ್ತಿದಳು, ಅರ್ಧಕ್ಕೂ ಹೆಚ್ಚು ಮೆತ್ತಗೆ ಒಳಗೆ ಹೋಯಿತು, ಬಿಟ್ಟಾಗ ವಾಪಸ್ ಬಂತು.

ಎರಡೂ ಸಲ ತುದಿ ಮುಚ್ಚೇ ಇತ್ತು, ಏನೂ ಹೊರಗೆ ಹೋಗಲಿಲ್ಲ, ನೋಡಿದೆಯಲ್ಲ ಅಂದೆ. ನೀರಿನೊಳಗೆ ಜಾಗ ಇಲ್ಲ, ಗಾಳಿಯೊಳಗೆ ಜಾಗವೇ ಜಾಸ್ತಿ. ಆವತ್ತು ಬ್ರೇಕಿನ ಪೈಪಿನೊಳಗೆ ನೀರು ಕುದ್ದು ಈ ಎರಡನೆಯದರ ಹಾಗೆ ಆಯಿತು, ತಣ್ಣಗಾದ ಮೇಲೆ ಮತ್ತೆ ಮೊದಲಿನ ಹಾಗಾಯಿತು ಅಂದೆ.

ಅವಳು ಇನ್ನೂ ಎರಡು ಸಲ ಒತ್ತಿ ನೋಡಿದಳು. "ಅಂದ್ರೆ ಅವ್ರು ಒತ್ತಿದ್ದು ನಿಜ," ಅಂದಳು. ನಿಜ ಅಂದೆ. ನೀರು ಒಳಗೆ ಹೆಂಗೆ ಬಂತು ಅಂತ ಕೇಳಿದಳು. ಮುಚ್ಚಳವಿಲ್ಲದ ಡಬ್ಬದಿಂದ ನಾನು ಸುರಿದದ್ದನ್ನು ಹೇಳಿದೆ. ಡಬ್ಬವನ್ನು ಗುಜರಿಗೆ ಹಾಕಿದ್ದನ್ನೂ ಹೇಳಿದೆ.

ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಹೊಡೆಯುತ್ತಾಳೆ ಅಂತಲೂ. ಅವಳು ಸಿರಿಂಜುಗಳನ್ನು ನನ್ನ ಪಕ್ಕದಲ್ಲಿಟ್ಟು, "ಇದನ್ನ ನಂಗ್ಯಾಕೆ ತೋರಿಸ್ತೀಯ? ನೀನು ಸೈನ್ ಹಾಕಿದ್ದು ನನ್ನ ಮುಂದಾ?" ಅಂದು ವಾರ್ಡಿನೊಳಗೆ ಹೋದಳು.

೩೦ ಜನವರಿ, ಮಂಗಳವಾರ

ಬಾಟಲಿ ತೆಗೆದುಕೊಂಡು ಮೊದಲು ಬ್ರೇಕ್ ಇನ್ಸ್‌ಪೆಕ್ಟರ ಬಳಿ ಹೋದೆ. ಮರಳು, ಬಟ್ಟಲು, ಪಂಪ್ ಸ್ಟೌವು ಎಲ್ಲ ಚೀಲದಲ್ಲಿತ್ತು, ತೋರಿಸುತ್ತೇನೆ ಅಂದೆ. ಬೇಡ ಅಂದರು. ಬಾಟಲಿಯ ಬಣ್ಣ ನೋಡಿದ್ದೇ ಸಾಕಾಯಿತು ಅವರಿಗೆ. ಎದ್ದು ಹೋಗಿ ಕಿಟಕಿಯಿಂದ ಉಗಿದು ಬಂದು, "ಹಂಗೆ ಆಗಿರ್ಬೋದು ಅಂತ ನಂಗೂ ಆವತ್ತೇ ಅನ್ಸಿತ್ತು ಕಣಪ್ಪ. ಯಾರೂ ಕೇಳ್ಲಿಲ್ಲ," ಅಂದರು.

ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಬಾಯಿ ಒಣಗಿತ್ತು. ನನ್ನನ್ನೂ ಯಾರೂ ಕೇಳಿರಲಿಲ್ಲ. ಅಲ್ಲ, ಭದ್ರಮ್ಮ ಕೇಳಿದ್ದಳು.

ಬರೆದುಕೊಡು, ನಾನು ಮರುಪರೀಕ್ಷೆ ಅಂತ ಕಳಿಸುತ್ತೇನೆ, ಆದರೆ ನಿನ್ನ ಮೇಲೆ ಕೇಸಾಗುತ್ತದೆ ಅಂದರು. ಬರೆದುಕೊಟ್ಟೆ. ಅಲ್ಲಿಂದ ಸ್ಟೇಷನ್ನಿಗೆ. ಅಲ್ಲಿಯೂ ಅದನ್ನೇ ಹೇಳಿದೆ, ಐದನೇ ತಾರೀಕಿನಿಂದ ಹಿಡಿದು. ಬರೆದುಕೊಂಡ ಪೊಲೀಸಿನವನಿಗೆ ಕಣ, ಅನಿಲ ಎಲ್ಲ ತಲೆಗೆ ಹೋಗಲಿಲ್ಲ. ಬ್ರೇಕಿಗೆ ನೀರು ಕಲೆತ ಎಣ್ಣೆ ಹಾಕಿದ್ದು ನಾನೇ ಅಂತ ಬರೆಯಿರಿ ಸಾಕು ಅಂದೆ. ಜೀಪನ್ನು ಯಾರೂ ಮುಟ್ಟಬಾರದು ಅಂತ ಸಾಯಂಕಾಲವೇ ಹಗ್ಗ ಕಟ್ಟಿ ಚೀಟಿ ಅಂಟಿಸಿದರು.

೨ ಫೆಬ್ರವರಿ, ಶುಕ್ರವಾರ

ಮಾಲೀಕರು ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಗೇಟಿನ ಹೊರಗೆ ಇರಿಸಿದ್ದರು. ಸೈಕಲ್ಲಿಗೆ ಕಟ್ಟಿಕೊಂಡು ಬಂದೆ. ಅವ್ವನಿಗೆ ಎಲ್ಲ ಹೇಳಿದೆ. ನನಗೆಂದು ಕಾಯಿಸಿಟ್ಟಿದ್ದ ಕಾಮಾಲೆಯ ಕಷಾಯವನ್ನು ಚೆಲ್ಲಿಬಿಟ್ಟಳು.

೧೧ ಫೆಬ್ರವರಿ, ಭಾನುವಾರ

ಲಕ್ಕಯ್ಯ ಮೊನ್ನೆ ಆಸ್ಪತ್ರೆಯಿಂದ ಲೈನಿನ ಮನೆಗೆ ಬಂದಿದ್ದಾನೆ. ಮನೆ ಖಾಲಿ ಮಾಡಿಸುವ ಮಾತನ್ನು ಎಸ್ಟೇಟಿನವರು ಸದ್ಯಕ್ಕೆ ಎತ್ತುತ್ತಿಲ್ಲ. ಒಂದು ಪ್ಯಾಕೆಟ್ ಕುಡಿದದ್ದಕ್ಕೆ ಅವನ ಮೇಲೂ ಕೇಸಿದೆ, ಅದು ಬೇರೆ. ನನಗೆ ಜಾಮೀನಾಗಿದೆ.

ಬೆಳಗ್ಗೆ ಭದ್ರಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು. ಅವ್ವ ಕೊಟ್ಟ ನೀರು ಕುಡಿದಳು, ಕೂರಲಿಲ್ಲ. "ನೀನು ದೊಡ್ಡ ಕೆಲಸ ಮಾಡ್ದೆ ಅಂತ ಲೈನಲ್ಲಿ ಅಂತಾವ್ರೆ. ನಂಗಂಗೆ ಅನ್ಸಲ್ಲ. ಹದಿಮೂರು ದಿನ ಸುಮ್ಕಿದ್ದೆ ನೀನು. ಹದಿಮೂರು ದಿನ ಅವ್ರು ತಮ್ಮನ್ನ ತಾವೇ ನಂಬ್ನಿಲ್ಲ," ಅಂದಳು. ಹೌದು ಅಂದೆ. ಮುನಿಯಮ್ಮನ ಗಂಡ ದ್ಯಾವಯ್ಯನಿಗೆ ಕೇಸಿನ ಕಾಗದ ಓದಲು ಬರುವುದಿಲ್ಲ, ಯಾರು ಹೇಳಿದರೂ ನಂಬುತ್ತಿಲ್ಲ, ಅಲ್ಲಿಗೆ ಬಂದು ನಿನ್ನ ಬಾಯಲ್ಲೇ ಹೇಳು ಅಂದಳು. ಅಂಗಿ ಹಾಕಿಕೊಂಡು ಹೊರಟೆ.

ಬಸ್ಸಿಳಿದು ಎರಡು ಮೈಲಿ ನಡೆದೆವು. ಅವಳು ಮುಂದೆ, ನಾನು ಹಿಂದೆ. ಲೈನಿನಲ್ಲಿ ಎರಡು ಮನೆ ಎದುರುಬದುರು, ನಡುವೆ ಹತ್ತು ಮಾರು ಅಂಗಳ. ಎಡಗಡೆ ಲಕ್ಕಯ್ಯನದು, ಬಲಗಡೆ ದ್ಯಾವಯ್ಯನದು. ಹೆಂಡತಿ ಸತ್ತ ದಿನದಿಂದ ಆ ಮುದುಕ ಎದುರು ಮನೆಯ ಕಡೆ ತಲೆಯೆತ್ತಿ ನೋಡಿಲ್ಲವಂತೆ. ತಡಿಕೆಯ ಬಾಗಿಲಿಗೆ ಗೋಣಿ ಕಟ್ಟಿಕೊಂಡಿದ್ದಾನೆ.

ಅವನು ಜಗಲಿಯ ಮೇಲೆ ಬುಟ್ಟಿಯ ಒಡಕು ಕಟ್ಟುತ್ತಾ ಕೂತಿದ್ದ. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಡಬ್ಬ, ಮುಚ್ಚಳ, ಮಳೆಗಾಲ, ಸುರಿದದ್ದು, ಸಹಿ ಹಾಕಿದ್ದು. ಲಕ್ಕಯ್ಯ ಬ್ರೇಕ್ ಒತ್ತಿದ್ದ, ಮೂರು ಸಲ ಒತ್ತಿದ್ದ, ಆ ಒತ್ತಿದ್ದು ಚಕ್ರಕ್ಕೆ ತಲುಪದೆ ಹೋದದ್ದು ನನ್ನಿಂದ ಅಂದೆ. ಬಸ್ಸು, ಮೈದಾನ ಏನೂ ಬಾಯಿಗೆ ಬರಲಿಲ್ಲ. ಮುದುಕ ಬುಟ್ಟಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೇಳಿಸಿತೋ ಇಲ್ಲವೋ ಅಂತ ಭದ್ರಮ್ಮನ ಮುಖ ನೋಡಿದೆ.

ಗಂಟು ಬಿಗಿದು, ಬಳ್ಳಿಯ ತುದಿಯನ್ನು ಹಲ್ಲಿನಿಂದ ಕತ್ತರಿಸಿದ ಮೇಲೆ ಅವನು ಕೇಳಿದ್ದು ಒಂದೇ. "ಹಳ್ಳದ ಕಡೆಗೆ ಬುಡ್ದೆ ದಿಣ್ಣೆ ಕಡೆಗೆ ತಿರುಗಿಸ್ದ ಅಂತಾರಲ್ಲ, ಅದೂ ದಿಟವಾ?"

ದಿಟ ಅಂದೆ. ಜೀಪು ಎತ್ತಲು ಹೋದ ದಿನ ಚಕ್ರದ ಗುರುತು ನಾನೇ ಕಣ್ಣಾರೆ ನೋಡಿದ್ದೆ.

ದ್ಯಾವಯ್ಯ ಎದ್ದ. ನನ್ನ ಮೈಗೆ ತಾಗುವಷ್ಟು ಹತ್ತಿರದಿಂದ ಹಾದುಹೋದರೂ ನನ್ನನ್ನು ನೋಡಲಿಲ್ಲ. ಅಂಗಳ ದಾಟಿ ಲಕ್ಕಯ್ಯನ ಬಾಗಿಲ ಮುಂದೆ ನಿಂತು ಕೆಮ್ಮಿದ. ಒಳಗಿನಿಂದ ಯಾರು ಅಂದರು. "ನಾನು ಕಣ್ಲಾ," ಅಂತ ತಲೆ ಬಗ್ಗಿಸಿ ಒಳಗೆ ಹೋದ. ಭದ್ರಮ್ಮ ಅವನ ಹಿಂದೆ ಹೋದಳು. ಆಮೇಲೆ ಇಬ್ಬರು ಗಂಡಸರು ಅಳುವುದು ಕೇಳಿಸಿತು.

ನಾನು ಅಂಗಳದಲ್ಲೇ ನಿಂತಿದ್ದೆ. ಬಾ ಅಂತ ಯಾರೂ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಕೊನೇ ಬಸ್ಸಿಗೆ ಹೊತ್ತಾಗುವವರೆಗೂ ನಿಂತೇ ಇದ್ದೆ.